ಒಂದು ಬ್ಲೇಡು, ಒಂದು ಪ್ಲಾಸ್ಟಿಕ್ ಹಾಳೆ, ಎರಡು ಬಟ್ಟೆ

ತಿ. ನರಸೀಪುರ

ಹೊರದೇಶಕ್ಕೆ ಹೋಗುತ್ತೇನೆ ಎಂದಾಗ ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ದುಬೈ ಅಂದುಕೊಂಡರು. ಮಲಾವಿ ಎಂದೆ. ಔಷಧಿ ಕೊಡುವ ಕಿಟಕಿಯ ಹಿಂದಿನಿಂದ ಫಾರ್ಮಸಿಸ್ಟ್ ತಲೆ ಎತ್ತಿ, "ಮಲೇಶಿಯಾನಾ ಸಿಸ್ಟರ್?" ಎಂದು ಕೇಳಿದರು.

"ಅಲ್ಲ ಸಾ, ಮಲಾವಿ. ಆಫ್ರಿಕಾದಲ್ಲಿ ಅದೆ."

"ಸಂಬಳ ಜೋರಾಗಿರಬೇಕು."

"ಸಂಬಳವೇ ಇಲ್ಲ."

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಹಿಂದೆ ನಮ್ಮಲ್ಲಿದ್ದ ಲೇಡಿ ಡಾಕ್ಟರೊಬ್ಬರು ಅಲ್ಲಿನ ಸೇವಾಸಂಸ್ಥೆಯೊಂದಕ್ಕೆ ಸೇರಿದ್ದರು. ಸರೋವರದ ದಂಡೆಯ ಹಳ್ಳಿಯೊಂದರ ಕ್ಲಿನಿಕ್ಕಿಗೆ ಮೂರು ತಿಂಗಳು ಹೆರಿಗೆ ಮಾಡಿಸಬಲ್ಲ ನರ್ಸು ಬೇಕು, ಬರುತ್ತೀಯಾ ತಾಯಮ್ಮ ಎಂದು ಕಾಗದ ಬರೆದಿದ್ದರು. ಹದಿನೇಳು ವರ್ಷ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳು ನಾನು. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಅದು ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಜಂಬವೂ ಸ್ವಲ್ಪ ಇತ್ತು. ರಜೆ ಹಾಕಿದೆ. ಯಜಮಾನರು ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ತಾವೇ ಸೂಟ್‌ಕೇಸ್ ತಂದರು.

ಹೊರಡುವ ಮುಂಚೆ ಬದನವಾಳಿಗೆ ಹೋಗಿ ಅವ್ವನನ್ನು ನೋಡಿದೆ. ಅವ್ವ ಅಲ್ಲಿನ ಖಾದಿ ಕೇಂದ್ರದಲ್ಲಿ ಬಹಳ ವರ್ಷ ನೂಲು ತೆಗೆದವಳು. ಕಣ್ಣು ಮಂಜಾದ ಮೇಲೆ ಬಿಟ್ಟಿದ್ದಳು.

"ಅಲ್ಲೂ ನಮ್ಮಂಗೆ ಬಡವ್ರೇ ಅವ್ರಂತಾ?" ಎಂದು ಕೇಳಿದಳು.

"ಅವ್ರಂತೆ ಕಣವ್ವ."

"ಅದ ನೋಡೂಕೆ ಅಷ್ಟ್ ದೂರ ಯಾಕ್ ಓಗ್ಬೇಕು? ನಮ್ ಬೀದೀಲಿ ನಿಂತ್ಕಂಡ್ರೆ ಕಾಣ್ದೇ?"

ಅವ್ವ ಉತ್ತರಕ್ಕೆ ಕಾಯದೆ ಎರಡು ಸೇರು ರಾಗಿ ಹಿಟ್ಟು ಕಟ್ಟಿಕೊಟ್ಟಳು. ಜೊತೆಗೆ ಪೆಟ್ಟಿಗೆಯಿಂದ ನಾಲ್ಕು ಹತ್ತಿ ಸೀರೆ ತೆಗೆದು, "ಸೆಕೆ ದೇಸ ಅಂತೀಯ, ಇವ ಉಟ್ಕೊ" ಎಂದಳು.

ಲಿಲಾಂಗ್ವೆ

ಮುಂಬಯಿ, ನೈರೋಬಿ ದಾಟಿ ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಇಳಿದೆ. ವಿಮಾನದ ಬಗ್ಗೆ ಹೇಳಲು ಏನೂ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಕಸ್ಟಮ್ಸಿನ ಮೇಜಿನ ಮೇಲೆ ದಪ್ಪನೆಯ ಅಧಿಕಾರಿಯೊಬ್ಬರು ನನ್ನ ಸೂಟ್‌ಕೇಸ್ ತೆರೆಸಿದರು. ರಾಗಿ ಹಿಟ್ಟಿನ ಗಂಟು ಅವರ ಕೈಗೆ ಸಿಕ್ಕಿತು.

"ಇದೇನು ಪುಡಿ?"

ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಆ ಗಳಿಗೆಯಲ್ಲಿ ಮರೆತೇ ಹೋಯಿತು. ತಿನ್ನುವುದು ಎಂದು ಕೈಸನ್ನೆ ಮಾಡಿದೆ. ಇನ್ನಿಬ್ಬರನ್ನು ಕರೆದರು. ಒಬ್ಬರು ಮೂಸಿದರು. ಇನ್ನೊಬ್ಬರು ಬೆರಳ ತುದಿಯಲ್ಲಿ ಒಂದಿಷ್ಟು ನಾಲಗೆಗೆ ಹಚ್ಚಿಕೊಂಡು, "ಮಾವೇರೆ!" ಎಂದು ನಕ್ಕರು. ಮಾವೇರೆ ಎಂದರೆ ರಾಗಿಯೇ. ಅವರ ಅಜ್ಜಿ ಅದರಲ್ಲಿ ಬಿಯರ್ ಕಾಯಿಸುತ್ತಿದ್ದರಂತೆ. ನೀವೇನು ಮಾಡುತ್ತೀರಿ ಎಂದು ಕೇಳಿದರು. ಮುದ್ದೆ ಕಟ್ಟುತ್ತೇವೆ ಎಂದು ಎರಡೂ ಕೈ ಉರುಳಿಸಿ ತೋರಿಸಿದೆ. ಅಷ್ಟು ಒಳ್ಳೆಯ ಧಾನ್ಯವನ್ನು ಬರೀ ಊಟಕ್ಕೆ ಕಳೆಯುತ್ತಾರಲ್ಲ ಎಂಬಂತೆ ತಲೆಯಾಡಿಸಿ ಬಿಟ್ಟುಕೊಟ್ಟರು.

ಕ್ಲಿನಿಕ್

ಸರೋವರ ಕಂಡಾಗ ಮೊದಲು ಅನ್ನಿಸಿದ್ದು, ಆಚೆ ದಡ ಎಲ್ಲಿ ಎಂದು. ಕಪಿಲೆ ಕಾವೇರಿ ಕೂಡುವ ಊರಿನವಳಿಗೆ ನೀರು ಎಂದರೆ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿರಬೇಕು. ಇಲ್ಲಿ ಆಕಾಶವೇ ನೀರಿಗೆ ಇಳಿದಿತ್ತು.

ಕ್ಲಿನಿಕ್ ಎಂದರೆ ತಗಡಿನ ಮಾಡಿನ ಮೂರು ಕೋಣೆ. ವಾರಕ್ಕೊಮ್ಮೆ ನಮ್ಮ ಡಾಕ್ಟರು ಪಟ್ಟಣದಿಂದ ಜೀಪಿನಲ್ಲಿ ಬರುತ್ತಿದ್ದರು. ಉಳಿದ ದಿನ ಎಲ್ಲವೂ ಸಿಸ್ಟರ್ ಫಿರಿ ಅವರದು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಕೋಟು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಅಷ್ಟು ಗರಿಯಾಗಿ ಹೇಗೆ ಇಸ್ತ್ರಿ ಮಾಡುತ್ತಿದ್ದರೋ, ನನಗೆ ಕೊನೆಗೂ ಬರಲಿಲ್ಲ.

ಮೊದಲ ದಿನವೇ ಅವರಿಂದ ಬೈಸಿಕೊಂಡೆ. ಮೊದಲ ರೋಗಿಯನ್ನು ನಮ್ಮೂರಿನ ರೂಢಿಯಲ್ಲೇ ಏನಾಗಿದೆ, ಎಷ್ಟು ದಿನದಿಂದ ಎಂದು ಕೇಳಿಬಿಟ್ಟಿದ್ದೆ. "ತಾಯಮ್ಮ, ನಿಮ್ಮ ದೇಶದಲ್ಲಿ ಮನುಷ್ಯರನ್ನು ಮಾತಾಡಿಸುವುದಿಲ್ಲವೇ?" ಎಂದರು. ಅಲ್ಲಿ ಹೊಟ್ಟೆನೋವಿನಿಂದ ಒದ್ದಾಡುವವರೂ ಮೊದಲು ಹೇಗಿದ್ದೀರಿ ಎಂದು ಕೇಳುತ್ತಾರೆ. ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ ಎಂದು ನಾವು ಹೇಳಬೇಕು. ಅವರೂ ಚೆನ್ನಾಗಿದ್ದೇನೆ ಎನ್ನುತ್ತಾರೆ. ಅದಾದ ಮೇಲೆ, ಸಾಯುವಷ್ಟು ನೋವಿದೆ ಎಂದು ಹೇಳುತ್ತಾರೆ.

ಒಂದಕ್ಕೆ ಮಾತ್ರ ನಾನು ಒಗ್ಗಲಿಲ್ಲ. ಹೆಂಗಸರು ಮಾತ್ರೆ ಈಸಿಕೊಳ್ಳುವಾಗ ಮಂಡಿಯೂರುತ್ತಿದ್ದರು. ನಮ್ಮಪ್ಪ ಕೂಲಿ ಮಾಡುತ್ತಿದ್ದ ಮನೆಯ ಜಗಲಿಯ ಕೆಳಗೆ ಬಗ್ಗಿ ನಿಲ್ಲುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ನನ್ನ ಮುಂದೆ ಯಾರಾದರೂ ಬಗ್ಗಿದರೆ ತೋಳು ಹಿಡಿದು ಎಬ್ಬಿಸುತ್ತಿದ್ದೆ. ಅವರು ತಬ್ಬಿಬ್ಬಾಗುತ್ತಿದ್ದರು. "ಇದು ಮರ್ಯಾದೆ, ಹೆದರಿಕೆಯಲ್ಲ. ನಾನೂ ನನ್ನ ಅತ್ತೆಗೆ ಮಂಡಿಯೂರುತ್ತೇನೆ" ಎಂದು ಸಿಸ್ಟರ್ ಫಿರಿ ವಿವರಿಸಿದರು. ಇರಬಹುದು. ನಾನು ಎಬ್ಬಿಸುವುದನ್ನು ಬಿಡಲಿಲ್ಲ.

ಹೆರಿಗೆ ಕೋಣೆಯ ಬಾಗಿಲಲ್ಲಿ ಒಂದು ಪಟ್ಟಿ ಅಂಟಿಸಿತ್ತು. ಬಸುರಿಯರು ತರಬೇಕಾದ ಸಾಮಾನು: ಹೊಕ್ಕುಳಬಳ್ಳಿ ಕತ್ತರಿಸಲು ಒಂದು ಹೊಸ ಬ್ಲೇಡು, ಹಾಸಲು ಒಂದು ಕಪ್ಪು ಪ್ಲಾಸ್ಟಿಕ್ ಹಾಳೆ, ಎರಡು ಶುದ್ಧವಾದ ಚಿತೇಂಜೆ. ಚಿತೇಂಜೆ ಎಂದರೆ ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ. ಅದರಲ್ಲೇ ಮಗುವನ್ನು ಬೆನ್ನಿಗೆ ಕಟ್ಟುತ್ತಾರೆ, ಅದನ್ನೇ ಹೊದೆಯುತ್ತಾರೆ. ಕ್ಲಿನಿಕ್ಕಿನಲ್ಲಿ ಹಾಸಿಗೆಗೆ ಹೊದಿಕೆಯೇ ಬರುತ್ತಿರಲಿಲ್ಲ, ಹಾಗಾಗಿ ಈ ಪಟ್ಟಿ. ನ್ಯಾಯವಾದದ್ದೇ ಎನ್ನಿಸಿತ್ತು.

ಎಸ್ನಾತ್

ನಾನು ಹೋದ ಐದನೆಯ ವಾರ, ಬೆಳಿಗ್ಗೆ ಹತ್ತು ಗಂಟೆಗೆ, ಸೈಕಲ್ಲಿನ ಕ್ಯಾರಿಯರ್ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಅವಳ ಗಂಡ ತಳ್ಳುತ್ತಾ ಬಂದ. ಹಿಂದೆ ಒಬ್ಬ ಮುದುಕಿ ಅವಳ ಬೆನ್ನು ಹಿಡಿದುಕೊಂಡಿದ್ದಳು. ಹುಡುಗಿಯ ಹೆಸರು ಎಸ್ನಾತ್. ಚೊಚ್ಚಲು. ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದೆ. ಸಿಸ್ಟರ್ ಫಿರಿಯೂ ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗುವಿನ ಎದೆ ಬಡಿತವಿರಲಿಲ್ಲ.

ಡ್ರಿಪ್ ಹಾಕಿದೆವು. ತಲೆ ಕೆಳಗೆ ಬಂದು ನಿಂತಿತ್ತು, ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ತಾಯಿಯನ್ನಾದರೂ ಉಳಿಸಬೇಕು. ಅಲ್ಲಿನ ಚಿಚೇವಾ ಭಾಷೆಯಲ್ಲಿ ಕಲಿತಿದ್ದ ನಾಲ್ಕು ಮಾತು ಆ ಹೊತ್ತಿನಲ್ಲಿ ಎಲ್ಲಿ ಹೋದವೋ, ನಾನು ಕನ್ನಡದಲ್ಲೇ ಕೂಗತೊಡಗಿದೆ. "ಮುಕ್ಕವ್ವ, ಮುಕ್ಕು, ಇನ್ನೊಂದ್ಸಲ, ಬುಡ್ಬೇಡ ಕಣವ್ವ!" ಅವಳು ನನ್ನ ಮುಂಗೈ ಹಿಡಿದು, ನಾನು ಹೇಳಿದಾಗಲೆಲ್ಲ ಮುಕ್ಕಿದಳು. ಒಂದೂ ಮಾತು ತಪ್ಪಲಿಲ್ಲ. ಗಂಡು ಮಗು. ಆಮೇಲೆ ರಕ್ತ ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಅವಳ ಹೊಟ್ಟೆಯನ್ನು ಒತ್ತಿ ನೀವುತ್ತಾ ನಿಂತೆ. ನಿಂತಿತು. ಬದುಕಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯಲ್ಲಿ ನಾನು ಒಳ್ಳೆಯವಳಾಗಿರುತ್ತಿದ್ದೆ. ಕೈ ತೊಳೆದು ಬಂದೆ. ಸುಸ್ತು, ಸಿಟ್ಟು, ಬಟ್ಟೆಯಲ್ಲಿ ಸುತ್ತಿಟ್ಟ ಆ ಮಗು. ತಿ. ನರಸೀಪುರದಲ್ಲಿ ಹದಿನೇಳು ವರ್ಷ ಎಷ್ಟೋ ಹೆಂಗಸರಿಗೆ ಬೈದಿದ್ದ ಹಾಗೆಯೇ ಅವಳಿಗೂ ಬೈದೆ. ಎರಡು ದಿನ ಏನು ಮಾಡುತ್ತಿದ್ದೆ? ನಿನ್ನೆ ಬಂದಿದ್ದರೆ ಮಗು ಬದುಕುತ್ತಿತ್ತು. ಸಿಸ್ಟರ್ ಫಿರಿ ಅದನ್ನು ಅನುವಾದಿಸಲಿಲ್ಲ. ನನಗೆ ಆ ಒಂದು ಮಾತು ಗೊತ್ತಿತ್ತು: "ಮ್ವಾಚೆಡ್ವಾ." ತಡವಾಗಿ ಬಂದಿರಿ. ಎರಡು ಸಲ ಹೇಳಿದೆ. ಎಸ್ನಾತ್ ಗೋಡೆಯ ಕಡೆ ತಿರುಗಿದಳು.

ಮಾರನೆಯ ದಿನ ಬೆಳಿಗ್ಗೆ ಹಾಸಿಗೆ ಖಾಲಿಯಿತ್ತು. ಇನ್ನೂ ಮೂರು ದಿನ ಇರಬೇಕಾದವಳು ಎದ್ದು ನಡೆದುಕೊಂಡು ಹೋಗಿದ್ದಳು.

ಎಸ್ನಾತಳ ಊರು

ಆ ಸ್ಥಿತಿಯಲ್ಲಿ ಜ್ವರ ಬಂದರೆ ಉಳಿಯುವುದು ಕಷ್ಟ. ನಾನು ಅವಳ ಊರಿಗೆ ಹೋಗಬೇಕು ಎಂದೆ.

"ಹೋಗಿ ಇನ್ನೊಂದು ಸಲ ಬೈಯುತ್ತೀರಾ?" ಎಂದರು ಸಿಸ್ಟರ್ ಫಿರಿ.

"ಇಲ್ಲ. ಮಾತ್ರೆ ಕೊಟ್ಟು, ತಪ್ಪಾಯಿತು ಎಂದು ಹೇಳಿ ಬರುತ್ತೇನೆ. ನೀವು ಬರದಿದ್ದರೆ ಕೈಸನ್ನೆಯಲ್ಲಿ ಹೇಳುತ್ತೇನೆ."

ಅವರು ಕೋಟು ಬಿಚ್ಚಿಟ್ಟು ಹೊರಟರು.

ಅಲ್ಲಿ ಆಟೋ ಇಲ್ಲ, ಸೈಕಲ್ಲುಗಳೇ ಬಾಡಿಗೆಗೆ ಬರುತ್ತವೆ. ಎರಡು ಸೈಕಲ್ಲು, ಎರಡು ಕ್ಯಾರಿಯರ್ರು. ಸೀರೆ ಉಟ್ಟು ಒಂದೇ ಕಡೆ ಕಾಲು ಬಿಟ್ಟು ಕುಳಿತಿದ್ದ ನಾನು ಮರಳಿನ ತಿರುವಿನಲ್ಲಿ ಉರುಳಿಬಿದ್ದೆ. ಜೋಳದ ಹೊಲದಲ್ಲಿದ್ದ ಹೆಂಗಸರೆಲ್ಲ "ಪೆಪಾನಿ, ಪೆಪಾನಿ" ಎನ್ನುತ್ತಾ ಓಡಿಬಂದರು. ಕ್ಷಮಿಸಿ ಎಂದರ್ಥ. ಅಲ್ಲಿ ಯಾರು ಎಡವಿದರೂ ಕಂಡವರೆಲ್ಲ ಕ್ಷಮೆ ಕೇಳುತ್ತಾರೆ. ನಮ್ಮಲ್ಲಾದರೆ "ನೆಟ್ಟಗೆ ಕೂತ್ಕಳಕ್ಕಾಗಲ್ವೇನಮ್ಮ" ಎಂದು ಮೊದಲು ಬಿದ್ದವರ ತಪ್ಪು ಹುಡುಕುತ್ತೇವೆ. ಮಣ್ಣು ಕೊಡವಿಕೊಳ್ಳುವಾಗ ಅದೇ ಯೋಚನೆ ಬಂದು ಮುಖ ಬಿಸಿಯಾಯಿತು.

ಎಸ್ನಾತ್ ಗುಡಿಸಲ ಮುಂದೆ ಚಾಪೆಯ ಮೇಲೆ ಮಲಗಿದ್ದಳು. ಮೈ ಕಾದಿತ್ತು. ಜೊತೆಯಲ್ಲಿ ಅದೇ ಮುದುಕಿ, ಅವಳ ಅಜ್ಜಿ. ಅಜ್ಜಿಗೆ ಅಲ್ಲಿ ಅಗೋಗೋ ಎನ್ನುತ್ತಾರೆ. ಆ ಸೀಮೆಯ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಸೂಲಗಿತ್ತಿ ಅವಳೇ. ಸಿಸ್ಟರ್ ಫಿರಿಗೂ ಅವಳಿಗೂ ಬಹಳ ವರ್ಷದಿಂದ ಆಗಿಬರುತ್ತಿರಲಿಲ್ಲ. ಆದರೂ ಹೇಗಿದ್ದೀರಿ, ಚೆನ್ನಾಗಿದ್ದೇನೆ ಎಲ್ಲ ಮುಗಿಯಿತು. ನಾನು ಚುಚ್ಚುಮದ್ದು ಕೊಟ್ಟು, ಮಾತ್ರೆಗಳನ್ನು ಎಣಿಸಿ ಅಗೋಗೋಳ ಕೈಗೆ ಹಾಕಿ, ಚಾಪೆಯ ಪಕ್ಕ ನೆಲದ ಮೇಲೆ ಕೂತು "ಪೆಪಾನಿ" ಎಂದೆ. ಇದು ಬಿದ್ದವರಿಗೆ ಹೇಳುವ ಪೆಪಾನಿಯಲ್ಲ, ಕೆಡವಿದವಳು ಹೇಳುವ ಪೆಪಾನಿ. ಎಸ್ನಾತಳಿಗೆ ವ್ಯತ್ಯಾಸ ಗೊತ್ತಾಯಿತು ಅಂದುಕೊಂಡಿದ್ದೇನೆ.

ಅವಳು ಮೆಲ್ಲಗೆ ಏನೋ ಹೇಳಿದಳು. ಸಿಸ್ಟರ್ ಫಿರಿ ಅನುವಾದಿಸುವ ಮುಂಚೆ ತಲೆ ತಗ್ಗಿಸಿದರು.

"ನೋವು ಶುರುವಾದ ದಿನವೇ ಬರಬೇಕೆಂದಿದ್ದಳಂತೆ. ಇವಳ ಹತ್ತಿರ ಇರುವುದು ಒಂದೇ ಚಿತೇಂಜೆ, ಉಟ್ಟಿರುವುದು. ಇನ್ನೊಂದನ್ನು ಅಕ್ಕಪಕ್ಕದಲ್ಲಿ ಕೇಳಿಕೊಂಡು ಗಂಡ ಎರಡು ದಿನ ಅಲೆದನಂತೆ. ಸಿಗಲಿಲ್ಲ. ಪಟ್ಟಿಯಲ್ಲಿರುವುದನ್ನು ತರದೆ ಬಂದವಳೊಬ್ಬಳನ್ನು ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಹಾಗೆ ನಿಲ್ಲುವುದಕ್ಕೆ ನಾಚಿಕೆಯಾಯಿತಂತೆ." ಆಮೇಲೆ ತಮ್ಮದೇ ಮಾತು ಸೇರಿಸಿದರು: "ನಿಲ್ಲಿಸಿದ್ದು ನಾನು."

ಫೋನು

ಪಟ್ಟಣದಲ್ಲಿ ಗುಜರಾತಿ ಅಂಗಡಿಯೊಂದರಿಂದ ಇಂಡಿಯಾಕ್ಕೆ ಫೋನು ಮಾಡಬಹುದಿತ್ತು. ಭಾನುವಾರ ಜೀಪಿನಲ್ಲಿ ಹೋಗಿ ನಂಜನಗೂಡಿನ ತಂಗಿಯ ಮನೆಗೆ ಮಾಡಿದೆ. ಅವ್ವ ಅಲ್ಲಿಗೆ ಬಂದಿದ್ದಳು. ಎಸ್ನಾತಳ ಸುದ್ದಿ ಹೇಳಿದೆ. ಒಂದು ಬಟ್ಟೆಗಾಗಿ ಯಾರಾದರೂ ಆಸ್ಪತ್ರೆಗೆ ಬರದೆ ಕೂರುತ್ತಾರೆಯೇ ಅವ್ವ ಎಂದೆ.

"ನಾನೂ ಕೂತಿರ್ನಿಲ್ವೇ," ಎಂದಳು. "ನಿನ್ ಎತ್ತಾಗ ನರ್ಸಮ್ಮ ಬಂದು ಗಾಡಿ ಕಟ್ಟಿಸ್ತೀನಿ, ನಂಜನಗೂಡ್ ಆಸ್ಪತ್ರೆಗ್ ಓಗವ ಅಂದ್ಲು. ಒಲ್ಲೆ ಅಂದೆ. ಉಟ್ಟಿರೂ ಸೀರೆ ಕೆಟ್ಟೋದ್ರೆ ಬ್ಯಾರೆ ಇರ್ನಿಲ್ಲ ಕಣವ್ವ. ಅಷ್ಟ್ ಜನದ್ ಮುಂದೆ ಏನ್ ಉಟ್ಕಂಡ್ ಎದ್ದ್ ಬರ್ಲಿ? ದಿನಾ ನೂಲ್ ತಗೀತಿದ್ದೋಳು ನಾನು. ನಗೂರಲ್ವಾ?"

"ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ."

"ನೀನು ನರ್ಸಮ್ಮ. ಬೈಯ್ತಿದ್ದೆ."

ಅಂಗಡಿಯವರು ಕೊಟ್ಟ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾನು ಹುಟ್ಟಿದ್ದು ಗೋಣಿತಾಟಿನ ಮೇಲೆ ಎಂದು ಗೊತ್ತಿತ್ತು. ಯಾಕೆಂದು ಕೇಳಿರಲಿಲ್ಲ.

ಕುದಿಸಿದ ಬಟ್ಟೆ

ಆ ಸಂಜೆ ಅವ್ವ ಕೊಟ್ಟ ನಾಲ್ಕೂ ಸೀರೆಯನ್ನು ಕತ್ತರಿಸಿದೆ. ಸೆರಗು, ಅಂಚು ಎಂದು ನೋಡಲಿಲ್ಲ. ಒಂದೊಂದರಲ್ಲಿ ಮೂರು ತುಂಡು, ಹನ್ನೆರಡು ಬಟ್ಟೆ. ಬೆಳಿಗ್ಗೆ ಹೊರಗೆ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಕುದಿಸಿ ಬಿಸಿಲಿಗೆ ಹರವಿದೆ.

ಸಿಸ್ಟರ್ ಫಿರಿ ಬಂದು ನೋಡಿದರು. "ಪಟ್ಟಿಯನ್ನು ನಾನು ಸುಮ್ಮನೆ ಅಂಟಿಸಿಲ್ಲ. ಬ್ಲೇಡು ಹಂಚಿಕೊಂಡು ರೋಗ ಹರಡಿ ಸತ್ತವರನ್ನು ನೋಡಿದ್ದೇನೆ. ಹೊಲಸು ಬಟ್ಟೆಯಿಂದ ನಂಜಾಗಿ ಸತ್ತ ಕೂಸುಗಳನ್ನೂ ನೋಡಿದ್ದೇನೆ."

"ಬ್ಲೇಡು, ಪ್ಲಾಸ್ಟಿಕ್ಕು ಡಾಕ್ಟರಿಗೆ ಹೇಳಿ ತರಿಸೋಣ. ಬಟ್ಟೆ ಇಲ್ಲಿದೆ. ಬಂದವರು ಬಳಸಲಿ, ಮನೆಗೆ ಹೋಗುವ ಮುಂಚೆ ಒಗೆದು ಕುದಿಸಿ ಇನ್ನೊಬ್ಬಳಿಗೆ ಇಟ್ಟು ಹೋಗಲಿ."

"ನೀವು ಇನ್ನು ಆರು ವಾರಕ್ಕೆ ಹೋಗುತ್ತೀರಿ. ನಿಮ್ಮಂಥವರು ಬರುತ್ತಾರೆ, ಏನೋ ಶುರು ಮಾಡುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆಮೇಲೆ ಜನ ಕೇಳುವುದು ನನ್ನನ್ನು."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಬಿಡುವ ಮನಸ್ಸು ನನಗಿರಲಿಲ್ಲ. "ಆರು ವಾರ ನೋಡಿ. ಆಗದಿದ್ದರೆ ನಾನೇ ಆ ಬಟ್ಟೆಯಲ್ಲಿ ನಿಮ್ಮ ಕ್ಲಿನಿಕ್ಕಿನ ನೆಲ ಒರೆಸಿ ಹೋಗುತ್ತೇನೆ" ಎಂದೆ.

ಆದರೆ ಮೊದಲ ಎರಡು ವಾರ ಒಬ್ಬರೂ ಆ ಬಟ್ಟೆ ಮುಟ್ಟಲಿಲ್ಲ. ಇನ್ಯಾರ ಹೆರಿಗೆಯ ರಕ್ತ ಬಿದ್ದಿತ್ತೋ, ಒಗೆದರೂ ಬೇಡ ಎಂದರು. ನಮ್ಮೂರಿನಲ್ಲೂ ಇದನ್ನೇ ಹೇಳುತ್ತಿದ್ದರು. ನಾನು ದಿನಾ ಕುದಿಸುತ್ತಿದ್ದೆ, ಮಡಚಿ ಒಂದು ಮರದ ಪೆಟ್ಟಿಗೆಯಲ್ಲಿಡುತ್ತಿದ್ದೆ.

ಕೊನೆಗೆ ಅಗೋಗೋಳ ಹತ್ತಿರ ಹೋದೆವು. ಸಿಸ್ಟರ್ ಫಿರಿಯೇ ಹೋಗೋಣ ಎಂದರು. ಅವರಿಗದು ಸುಲಭವಾಗಿರಲಿಲ್ಲ. ಎಸ್ನಾತಳ ಜ್ವರ ಇಳಿದಿತ್ತು, ಅಂಗಳ ಗುಡಿಸುತ್ತಿದ್ದಳು. ಅಗೋಗೋ ನಮ್ಮ ಮಾತನ್ನೆಲ್ಲ ಕೇಳಿ, ಮಾರನೆಯ ದಿನ ಕ್ಲಿನಿಕ್ಕಿಗೆ ಬಂದು ಆ ಬಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಪರವಾಗಿಲ್ಲ ಎಂಬಂತೆ ಮೂತಿ ಮುಂದೆ ಮಾಡಿದಳು. ಆಮೇಲೆ ಅವಳು ಊರಲ್ಲಿ ಏನು ಹಬ್ಬಿಸಿದಳು ಎಂಬುದು ನಮಗೆ ವಾರದ ನಂತರ ತಿಳಿಯಿತು: ಆ ಪೆಟ್ಟಿಗೆಯ ಬಟ್ಟೆ ದೂರದ ದೇಶದಲ್ಲಿ ಬದುಕಿ ಉಳಿದ ಕೂಸುಗಳನ್ನು ಕಟ್ಟಿದ ಬಟ್ಟೆ, ಅದರ ಮೇಲೆ ಹುಟ್ಟಿದ ಕೂಸೂ ಉಳಿಯುತ್ತದೆ.

"ಇದು ಸುಳ್ಳಲ್ಲವೇ?" ಎಂದು ನಾನು ಕೇಳಿದೆ. ಓದಿದ ನರ್ಸು ನಾನು, ಕಸಿವಿಸಿಯಾಯಿತು.

"ಸುಳ್ಳೇ," ಎಂದರು ಸಿಸ್ಟರ್ ಫಿರಿ. "ಆದರೆ ಕುದಿಸಿದ ಸುಳ್ಳು. ಯಾರಿಗೂ ರೋಗ ಬರುವುದಿಲ್ಲ."

ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಬ್ಬಳು ಬಂದಳು. ಮೂರು ದಿನ ಬಿಟ್ಟು ಇನ್ನೊಬ್ಬಳು. ಸಂತೆಯ ದರ್ಜಿಯೊಬ್ಬ ತನ್ನ ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದು ಕಳಿಸಿದ. ಚರ್ಚಿನ ಹೆಂಗಸರು ಹಳೆಯ ಚಿತೇಂಜೆ ತಂದರು. ಡಾಕ್ಟರು ಒಂದು ರಟ್ಟಿನ ಪೆಟ್ಟಿಗೆ ತುಂಬ ಬ್ಲೇಡು, ಒಂದು ಸುರುಳಿ ಪ್ಲಾಸ್ಟಿಕ್ಕು ತಂದಿಳಿಸಿದರು. ಒಂದು ಸಲ ಗೆದ್ದಲು ಹತ್ತಿ ಐದು ಬಟ್ಟೆ ಹೋದವು. ಮಿಕ್ಕವನ್ನು ತಗಡಿನ ಪೆಟ್ಟಿಗೆಗೆ ಹಾಕಿದೆವು. ಒಬ್ಬಳ ಮಗು ಬಟ್ಟೆಯಿದ್ದೂ ಉಳಿಯಲಿಲ್ಲ. ಅಗೋಗೋ ಆ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಬೇಡಿ ಎಂದಳು, ಹಾಕಲಿಲ್ಲ. ನನ್ನ ಕೊನೆಯ ವಾರದ ಒಂದು ಬೆಳಿಗ್ಗೆ ಸಿಸ್ಟರ್ ಫಿರಿ ಬಾಗಿಲಿನ ಪಟ್ಟಿಯನ್ನು ಉಗುರಿನಿಂದ ಕೆರೆದು ತೆಗೆದರು. ನನ್ನನ್ನು ಕರೆಯಲಿಲ್ಲ, ಹೇಳಲೂ ಇಲ್ಲ. ಗೋಡೆಯ ಮೇಲೆ ಅಂಟಿನ ನಾಲ್ಕು ಕಲೆ ನೋಡಿ ನನಗೆ ತಿಳಿಯಿತು.

ಹೊರಟ ದಿನ

ಹೊರಡುವ ಹಿಂದಿನ ದಿನ ಎಸ್ನಾತ್ ತನ್ನ ನಾದಿನಿಯನ್ನು ಕರೆತಂದಳು. ನೋವು ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ, ಒಂದು ಗಂಟೂ ಇಲ್ಲ. ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ನಡೆದು ಬಂದರು. ಹೇಗಿದ್ದೀರಿ, ಚೆನ್ನಾಗಿದ್ದೇವೆ ಆಯಿತು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಮಾಡಿಸಿದ್ದು ಸಿಸ್ಟರ್ ಫಿರಿ. ಬಟ್ಟೆ ಹಿಡಿದು ನಿಂತಿದ್ದು ಎಸ್ನಾತ್. ಕೂಸನ್ನು ಅವಳ ಕೈಗೆ ಕೊಟ್ಟಾಗ ಅವಳು ಅತ್ತಳು, ನಾನು ಪಕ್ಕದ ಕೋಣೆಗೆ ಹೋಗಿ ನಿಂತೆ. ಆ ಅಳುವಿನಲ್ಲಿ ನನಗೆ ಜಾಗವಿರಲಿಲ್ಲ.

ಹನ್ನೊಂದು ಗಂಟೆಗೆ ಜೀಪು ಬಂತು. ಸಿಸ್ಟರ್ ಫಿರಿ ಕೈ ಕುಲುಕಿ, ಬಹಳ ಹೊತ್ತು ಬಿಡಲಿಲ್ಲ. ಕೂಸನ್ನು ನೋಡಲು ಬಂದಿದ್ದ ಅಗೋಗೋಳಿಗೆ ಹೇಳಿದೆ. ಎಸ್ನಾತಳಿಗೆ ಹೇಳಬೇಕೆಂದು ಕ್ಲಿನಿಕ್ಕಿನ ಹಿಂದೆ ಹೋದೆ. ಅವಳು ಒಲೆಯ ಮುಂದೆ ಕೂತು, ಪಾತ್ರೆಯಲ್ಲಿ ಕುದಿಯುವ ಬಟ್ಟೆಯನ್ನು ಉದ್ದನೆಯ ಕೋಲಿನಲ್ಲಿ ತಿರುವುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬ ತುಂಬು ಬಸುರಿ ಗೋಡೆಗೆ ಒರಗಿ ಕುಳಿತು ಕಾಯುತ್ತಿದ್ದಳು. ಅವಳು ಯಾವ ಊರಿನಿಂದ, ಎಷ್ಟು ಹೊತ್ತಿಗೆ ಬಂದಳೋ ನನಗೆ ಗೊತ್ತಾಗಿರಲಿಲ್ಲ.

ನನ್ನನ್ನು ನೋಡಿ ಎಸ್ನಾತ್ ಒಂದು ಕೈ ಎತ್ತಿದಳು. ಪಾತ್ರೆ ಉಕ್ಕಿ ಬೆಂಕಿಯ ಮೇಲೆ ನೀರು ಚೆಲ್ಲಿತು. ಅವಳು ಕೈ ಇಳಿಸಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ತಿರುಗಿದಳು.